ಹಿಂದಿನ ಚಕ್ರದ ಗುರುತು

ಮಳೆಗಾಲದಲ್ಲಿ ಆಗುಂಬೆ ಘಾಟಿಯ ಡಾಂಬರು ಬರೀ ಡಾಂಬರಾಗಿ ಉಳಿಯುವುದಿಲ್ಲ. ಗುಡ್ಡದ ಕಡೆಯ ಚರಂಡಿಯಲ್ಲಿ ಎಲೆ, ಕಡ್ಡಿ ಸಿಕ್ಕಿಕೊಂಡು ನೀರು ಉಕ್ಕಿದರೆ ನಯವಾದ ಕೆಂಪು ರಾಡಿ ರಸ್ತೆಗೆ ಹರಿಯುತ್ತದೆ. ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಅದು ಅಲ್ಲೇ ತೆಳುವಾಗಿ ಕೂರುತ್ತದೆ. ಉಗುರಿನಷ್ಟು ದಪ್ಪದ ಆ ಪದರದ ಮೇಲೆ ಏನು ಹಾದುಹೋದರೂ ಗುರುತು ಬೀಳುತ್ತದೆ. ನಾನು ಅಲ್ಲಿ ಕೂರುವುದು ಕಪ್ಪೆಗಳಿಗಾಗಿ. ರಸ್ತೆ ದಾಟುವ ಕಪ್ಪೆಗಳು ಎಲ್ಲಿ ದಾಟುತ್ತವೆ, ಎಲ್ಲಿ ಚಕ್ರಕ್ಕೆ ಸಿಗುತ್ತವೆ ಎಂದು ಗುರುತು ಹಾಕಿಕೊಳ್ಳುವುದು ನನ್ನ ಮಳೆಗಾಲದ ಕೆಲಸ. ಕಪ್ಪೆ ಸತ್ತ ಜಾಗ ನೋಡುತ್ತಾ ಹೋದರೆ ಅದನ್ನು ಸಾಯಿಸಿದ ಚಕ್ರದ ದಾರಿಯನ್ನೂ ನೋಡಬೇಕಾಗುತ್ತದೆ. ಎಷ್ಟೋ ಕಪ್ಪೆಗಳು ಮುಂದಿನ ಚಕ್ರದಿಂದ ತಪ್ಪಿಸಿಕೊಂಡು ಹಿಂದಿನ ಚಕ್ರಕ್ಕೆ ಸಿಕ್ಕಿದ್ದು ಹೇಗೆ ಎನ್ನುವುದು ನನ್ನ ಮೊದಲ ಪ್ರಶ್ನೆಯಾಗಿತ್ತು.

ನೇರ ರಸ್ತೆಯಲ್ಲಿ ಹಾಗಾಗುವುದು ಕಷ್ಟ. ಅಲ್ಲಿ ಹಿಂದಿನ ಚಕ್ರ ಮುಂದಿನದರ ಗುರುತಿನ ಮೇಲೆಯೇ ಹೋಗುತ್ತದೆ. ರಾಡಿಯಲ್ಲಿ ನಮಗೆ ಕಾಣುವುದೆಲ್ಲ ಹಿಂದಿನ ಟೈರಿನ ಅಚ್ಚು. ಮುಂದಿನದು ಅದರ ಅಡಿಯಲ್ಲಿ ಅಳಿಸಿಹೋಗಿರುತ್ತದೆ. ಚಿರತೆ ಸಾವಕಾಶವಾಗಿ ನಡೆದಾಗ ಮುಂಗಾಲು ಊರಿದಲ್ಲಿಯೇ ಹಿಂಗಾಲು ಊರುತ್ತದೆ, ಅವಸರಕ್ಕೆ ಬಿದ್ದರೆ ಎರಡೂ ಬೇರೆ ಬೇರೆ ಬೀಳುತ್ತವೆ. ಹೆಜ್ಜೆ ಓದುವವರು ನೋಡುವುದು ಹೆಜ್ಜೆಯ ಆಕಾರಕ್ಕಿಂತ ಹೆಚ್ಚಾಗಿ ಈ ಎರಡರ ನಡುವಿನ ಅಂತರವನ್ನು. ವಾಹನದ ನಡೆಯನ್ನೂ ಹಾಗೆಯೇ ಓದಬಹುದು. ಓದಬೇಕಾದ ಜಾಗ ತಿರುವು.

ಘಾಟಿಯ ಹದಿನಾಲ್ಕು ಸುತ್ತುಗಳಲ್ಲಿ ಯಾವುದೇ ಒಂದರ ಒಳಬದಿಯಲ್ಲಿ ಕೂತು ನೋಡಿ. ನಿಧಾನಕ್ಕೆ ಏರುವ ಬೊಲೆರೊ ಒಂದು ತಿರುಗಿದರೆ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಹೋಗುತ್ತದೆ. ಎಷ್ಟು ಒಳಗೆ ಎನ್ನುವುದಕ್ಕೆ ಶಾಲೆಯ ರೇಖಾಗಣಿತವೇ ಸಾಕು. ಬೊಲೆರೊದ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ 2.68 ಮೀಟರ್ ಇದೆ. ಮುಂದಿನ ಚಕ್ರ 10 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು ಸುಮಾರು 36 ಸೆಂಟಿಮೀಟರ್ ಒಳಗೆ ಹೋಗಲೇಬೇಕು. ಟೇಪು ಹಿಡಿದು ಅಳೆದರೆ ಹೆಚ್ಚು ಕಡಿಮೆ ಅಷ್ಟೇ ಸಿಗುತ್ತದೆ. ಮುಂದಿನ ಚಕ್ರ ಹಾದುಹೋಯಿತೆಂದು ನಿಂತ ಕಪ್ಪೆಗೆ ಆ ಒಂದಡಿಯೇ ಮೃತ್ಯು. ನನ್ನ ಕಪ್ಪೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಗುರುತು ನೋಡುವ ಚಟ ಮುಗಿಯಲಿಲ್ಲ.

ಯಾಕೆಂದರೆ ಘಾಟಿ ಹತ್ತಿ ಮೇಲೆ ಬಂದು ತೀರ್ಥಹಳ್ಳಿಯ ಕಡೆ ಹೊರಟರೆ ತಿರುವುಗಳು ಬೀಸಾಗುತ್ತವೆ, ವಾಹನಗಳ ವೇಗ ಏರುತ್ತದೆ, ಗುರುತಿನ ಲೆಕ್ಕವೇ ಬದಲಾಗುತ್ತದೆ. ಅದೇ ಬೊಲೆರೊ 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೆಲ್ಲಗೆ ಹೋದರೆ ಹಿಂದಿನ ಗುರುತು 9 ಸೆಂಟಿಮೀಟರ್ ಒಳಗಿರುತ್ತದೆ. ವೇಗ ಹೆಚ್ಚಿದ ಹಾಗೆ ಈ ಅಂತರ ಕರಗುತ್ತಾ ಬರುತ್ತದೆ. ಗಂಟೆಗೆ 40 ಕಿಲೋಮೀಟರ್ ಆಸುಪಾಸಿನಲ್ಲಿ ಎರಡೂ ಗುರುತು ಒಂದರ ಮೇಲೊಂದು ಕೂರುತ್ತವೆ. ಅದಕ್ಕೂ ಮೇಲೆ ಹೋದರೆ ಹಿಂದಿನದು ಹೊರಗೆ ಬೀಳುತ್ತದೆ. ವಾಹನ ಜಾರಿಲ್ಲ, ಡ್ರೈವರ್ ಬೀಡಾ ಜಗಿಯುತ್ತಾ ಆರಾಮಾಗಿ ಹೋಗಿದ್ದಾನೆ. ಆದರೂ ಹಿಂದಿನ ಚಕ್ರ ಮುಂದಿನದರ ಹೊರಗೆ ಹಾದುಹೋಗಿದೆ. ಇದನ್ನು ಮೊದಲು ನೋಡಿದಾಗ ನಂಬಲು ಸ್ವಲ್ಪ ಹೊತ್ತು ಬೇಕು.

ಕಾರಣ ರಬ್ಬರಿನಲ್ಲಿದೆ. ಪಕ್ಕದಿಂದ ಬಲ ಬಿದ್ದಾಗ ಉರುಳುತ್ತಿರುವ ಟೈರು ತಾನು ಮುಖ ಮಾಡಿದ ದಿಕ್ಕಿಗೇ ಸರಿಯಾಗಿ ಹೋಗುವುದಿಲ್ಲ. ನೆಲಕ್ಕೆ ಅಂಟಿದ ಭಾಗ ನೆಲದ ಜೊತೆಗೆ ನಿಲ್ಲುತ್ತದೆ, ಮೇಲಿನ ರಿಮ್ಮು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ನಡುವಿನ ಗೋಡೆ ತಿರುಚಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಹೊಸ ಭಾಗ ನೆಲಕ್ಕೆ ಬರುವಾಗ ತುಸು ಹೊರಗೆ ಬಂದು ಕೂರುತ್ತದೆ. ಹೀಗೆ ಟೈರಿನ ಮುಖಕ್ಕೂ ಅದರ ದಾರಿಗೂ ನಡುವೆ ಒಂದು ಕೋನ ಹುಟ್ಟುತ್ತದೆ. ಜಾರುಕೋನ ಎನ್ನೋಣ, ಜಾರದೆಯೇ ಹುಟ್ಟುವ ಕೋನ ಅದು. ಮೇಲಿನ ತಿರುವಿನಲ್ಲಿ ಎರಡೂ ಗುರುತು ಒಂದಾಗಲು ಹಿಂದಿನ ಟೈರಿನಲ್ಲಿ ಎರಡು ಡಿಗ್ರಿಗೂ ತುಸು ಕಡಿಮೆ ಕೋನ ಸಾಕು. ಫ್ರಾನ್ಸಿನ ಜಾರ್ಜ್ ಬ್ರೂಲಿಯೆ 1925ರಲ್ಲಿ ಈ ಕೋನವನ್ನು ವಿವರಿಸಿದ. ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ಗೆ ಹೋದ ಮಾರಿಸ್ ಆಲಿ ಎಂಬ ಬ್ರಿಟಿಷ್ ಎಂಜಿನಿಯರ್ ಅದರಿಂದ ಇಡೀ ಕಾರಿನ ಸ್ವಭಾವವನ್ನು ಓದಬಹುದೆಂದು ತೋರಿಸಿದ. ಮುಂದಿನ ಟೈರಿನ ಕೋನ ಹಿಂದಿನದಕ್ಕಿಂತ ದೊಡ್ಡದಾದರೆ ಕಾರು ತಿರುವಿನಿಂದ ಹೊರಕ್ಕೆ ಹೋಗಲು ನೋಡುತ್ತದೆ: ಅಂಡರ್‌ಸ್ಟೀರ್. ಹಿಂದಿನದು ದೊಡ್ಡದಾದರೆ ಹಿಂಭಾಗ ಹೊರಗೆ ಸರಿದು ಮೂತಿ ಒಳಗೆ ತಿರುಗುತ್ತದೆ: ಓವರ್‌ಸ್ಟೀರ್. ನಮ್ಮ ಕಡೆಯ ಡ್ರೈವರುಗಳು ಮೊದಲನೆಯದಕ್ಕೆ ‘ಮುಂದು ತಳ್ತದೆ’, ಎರಡನೆಯದಕ್ಕೆ ‘ಹಿಂದು ಎಸೀತದೆ’ ಅನ್ನುತ್ತಾರೆ. ಆಲಿಯನ್ನು ಓದದೆಯೇ ಅವರು ಇದನ್ನು ಸೊಂಟದಲ್ಲಿ ತಿಳಿದುಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮುಂದಿನ ಟೈರಿಗೆ ಎಷ್ಟು ಹಿಡಿತ, ಹಿಂದಿನದಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿದರೆ ಕಾರಿನ ನಡೆ ತಿಳಿಯುವುದಿಲ್ಲ. ನಡೆ ಇರುವುದು ಎರಡರ ವ್ಯತ್ಯಾಸದಲ್ಲಿ. ಆದ್ದರಿಂದಲೇ ಹಿಂದಿನ ಟೈರನ್ನು ಮುಟ್ಟಿದರೆ ಮುಂದಿನ ಟೈರಿನ ಬದುಕೂ ಬದಲಾಗುತ್ತದೆ.

ಇದನ್ನು ಕಣ್ಣಾರೆ ತೋರಿಸಿದ್ದು ನಮ್ಮೂರ ಪಕ್ಕದ ಅಡಿಕೆ ತೋಟದ ಗೌಡರ ಬೊಲೆರೊ. ಅದು ದಿನಾ ಹಾದುಹೋಗುವ ವಾಹನ. ಅದರ 215/75 ಆರ್ 15 ಟೈರಿನ ಅಚ್ಚು ನನಗೆ ಬಾಯಿಪಾಠವಾಗಿತ್ತು. ಆಷಾಢದ ಒಂದು ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಬೇರೆ ಅಚ್ಚು ಕಂಡಿತು. ಮುಂದೆ ಹಳೆಯ ಗೆರೆ, ಹಿಂದೆ ದಪ್ಪ ದಪ್ಪ ಗುಂಡಿಗಳ ಬಟನ್ ಟೈರು, ಎರಡು ಬೆರಳಿನಷ್ಟು ಹೆಚ್ಚು ಅಗಲ. ನಾನು ಬಗ್ಗಿ ನೋಡುತ್ತಿದ್ದಾಗ ಗೌಡರೇ ವಾಪಸು ಬಂದು ಗಾಡಿ ನಿಲ್ಲಿಸಿದರು.

“ಎಂಥ ನೋಡ್ತಿದೀರಿ ಮೇಷ್ಟ್ರೇ, ಹುಲಿ ಹೋಗಿದ್ಯಾ?”

“ನಿಮ್ಮ ಗಾಡಿದೇ ಹೆಜ್ಜೆ. ಹಿಂದೆ ಬೇರೆ ಹಾಕ್ಸಿದೀರಲ್ಲ.”

“235. ಲೋಡ್ ಹಾಕಿದ್ರೆ ಹಿಂದು ಕೂತ್ಕೊಳ್ತಿತ್ತು. ತೋಟದ ರಸ್ತೆಲಿ ಸ್ಲಿಪ್ ಬೇರೆ. ಹಿಂದೆ ದಪ್ಪ ಇದ್ರೆ ಗಾಡಿ ಅಳ್ಳಾಡಲ್ಲ ಅಂದ್ರು.”

ಹಿಂದೆ ಮಾತ್ರ ಯಾಕೆ ಎಂದು ಕೇಳಿದೆ. ನಾಲ್ಕಕ್ಕೂ ದುಡ್ಡು ಯಾರು ಕೊಡ್ತಾರೆ ಎಂದರು. ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

235/75 ಆರ್ 15 ಎಂದರೇನು ಎಂಬುದನ್ನು ಟೈರಿನ ಗೋಡೆಯ ಮೇಲಿನ ಅಂಕಿಗಳಿಂದಲೇ ಬಿಡಿಸಬಹುದು. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲದ ಶೇಕಡ ಎಷ್ಟು ಗೋಡೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ಇಂಚು. ಹಳೆಯ ಟೈರಿನ ಒಟ್ಟು ವ್ಯಾಸ 703 ಮಿಲಿಮೀಟರ್ ಚಿಲ್ಲರೆ, ಹೊಸದರದ್ದು 733 ಚಿಲ್ಲರೆ. ಶೇಕಡ ನಾಲ್ಕಕ್ಕಿಂತ ತುಸು ಹೆಚ್ಚು. ಗಾಡಿಯ ಹಿಂಭಾಗ 15 ಮಿಲಿಮೀಟರ್ ಎದ್ದಿತು. ಅಷ್ಟಕ್ಕೆ ಇಡೀ ಚಾಸಿ ಮುಂದಕ್ಕೆ ಒಂದು ಡಿಗ್ರಿಯ ಮೂರನೇ ಒಂದು ಪಾಲಿನಷ್ಟು ವಾಲುತ್ತದೆ. ಅದರೊಂದಿಗೆ ಮುಂದಿನ ಚಕ್ರ ತಿರುಗುವ ಕೀಲಿನ ಹಿಂಬಾಗು, ಮೆಕ್ಯಾನಿಕ್‌ಗಳು ಕ್ಯಾಸ್ಟರ್ ಅನ್ನುವುದು, ಅಷ್ಟೇ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಬಾಗಿನ ದಯೆಯಿಂದ. ನಾಲ್ಕೈದು ಡಿಗ್ರಿ ಇರುವಲ್ಲಿ ಮೂರನೇ ಒಂದು ಡಿಗ್ರಿ ಹೋದರೆ ದೊಡ್ಡ ನಷ್ಟವೇನಲ್ಲ. ಆದರೂ ಸ್ಟೀರಿಂಗ್ ತುಸು ಹಗುರಾಗಿದೆ ಎಂದು ಗೌಡರು ತಾವಾಗಿಯೇ ಹೇಳಿದರು; ಅವರಿಗೆ ಅದು ಲಾಭವಾಗಿ ಕಂಡಿತ್ತು.

ಬೊಲೆರೊದಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಆದ್ದರಿಂದ ಚಕ್ರ ದೊಡ್ಡದಾದರೆ ಗೇರು ಉದ್ದವಾದ ಹಾಗೆ. ಎರಡನೇ ಗೇರಿನಲ್ಲಿ ಏರುತ್ತಿದ್ದ ಸುತ್ತಿಗೆ ಈಗ ಒಂದೊಂದು ಸಲ ಮೊದಲನೆಯದಕ್ಕೆ ಹಾಕಬೇಕಾಗುತ್ತದೆ. ಮೀಟರು ಗೇರುಬಾಕ್ಸಿನಿಂದ ಲೆಕ್ಕ ತೆಗೆದುಕೊಳ್ಳುವಂಥದ್ದಾದರೆ 60 ತೋರಿಸುವಾಗ ಗಾಡಿ 62ಕ್ಕೂ ಮೇಲೆ ಓಡುತ್ತಿರುತ್ತದೆ. ಬ್ರೇಕಿಗೂ ಅದೇ ಪಾಲು ನಷ್ಟ: ಡ್ರಮ್ಮು ಅಷ್ಟೇ ಜೋರಾಗಿ ಹಿಡಿದರೂ ದೊಡ್ಡ ಚಕ್ರದ ಅಂಚಿನಲ್ಲಿ ಅದರ ಬಲ ಶೇಕಡ ನಾಲ್ಕರಷ್ಟು ಕಡಿಮೆ ತಲುಪುತ್ತದೆ. ಇವೆಲ್ಲ ಸಣ್ಣ ಲೆಕ್ಕಗಳು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಸಣ್ಣ ಕಾರುಗಳಲ್ಲಿ ಹಿಂದಿನ ಟೈರು ದೊಡ್ಡದು ಮಾಡಿದರೆ ಗೇರಿಗೆ ಏನೂ ಆಗುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಅಲ್ಲಿ ಬೇರೆ ತೊಡಕು. ಎಬಿಎಸ್ ಇರುವ ಕಾರು ನಾಲ್ಕೂ ಚಕ್ರಗಳ ತಿರುಗುವ ವೇಗವನ್ನು ಹೋಲಿಸಿ, ಯಾವುದು ಲಾಕ್ ಆಗುತ್ತಿದೆ ಎಂದು ತೀರ್ಮಾನಿಸುತ್ತದೆ. ಹಿಂದಿನದು ಸದಾ ನಿಧಾನವಾಗಿ ತಿರುಗುತ್ತಿದ್ದರೆ ಅದು ಲೆಕ್ಕ ಹಾಕುವ ನೆಲೆಯೇ ಕದಲುತ್ತದೆ.

ನನಗೆ ಕುತೂಹಲ ಇದ್ದದ್ದು ಬೀಸು ತಿರುವಿನ ಗುರುತಿನಲ್ಲಿ. ಅಲ್ಲಿ ಹಿಂದೆಲ್ಲ ಗೌಡರ ಬೊಲೆರೊದ ಎರಡೂ ಅಚ್ಚುಗಳು ಹೆಚ್ಚು ಕಡಿಮೆ ಒಂದಾಗುತ್ತಿದ್ದವು. ಈಗ ಹಿಂದಿನದು ಒಳಕ್ಕೆ ಸರಿದಿತ್ತು. ಅಗಲದ ಟೈರು ಅದೇ ಬಲಕ್ಕೆ ಕಡಿಮೆ ಜಾರುಕೋನದಲ್ಲಿ ಉತ್ತರ ಕೊಡುತ್ತದೆ. ಹಿಂಭಾಗ ಹೊರಗೆ ಸರಿಯಲಿಲ್ಲ ಎಂದರೆ ಗಾಡಿಯ ಮೂತಿ ಒಳಗೆ ತಿರುಗಲಿಲ್ಲ ಎಂದರ್ಥ. ಆ ಕೆಲಸವನ್ನು ಈಗ ಸ್ಟೀರಿಂಗ್ ಮಾಡಬೇಕು. ಹಿಂದಿನ ಕೋನ ಅರ್ಧ ಡಿಗ್ರಿ ಕಡಿಮೆಯಾದರೆ ಮುಂದಿನ ಚಕ್ರವನ್ನು ಅರ್ಧ ಡಿಗ್ರಿ ಹೆಚ್ಚು ತಿರುಗಿಸಬೇಕು, ಸ್ಟೀರಿಂಗ್ ಚಕ್ರದಲ್ಲಿ ಅದು ಎಂಟು ಹತ್ತು ಡಿಗ್ರಿಯಾಗಿ ಕೈಗೆ ಬರುತ್ತದೆ. ಮುಂದಿನ ಟೈರಿನ ಅಚ್ಚಿನ ಹೊರ ಅಂಚಿನಲ್ಲಿ ರಾಡಿ ಉಜ್ಜಿಹೋದ ಗೀರುಗಳು ಕಾಣತೊಡಗಿದವು. ಮೊದಲು ಅಲ್ಲಿ ಗೆರೆಗಳು ಚೊಕ್ಕವಾಗಿದ್ದವು. ಹಿಂದಿನ ಎರಡು ಚಕ್ರಕ್ಕೆ ಕೊಟ್ಟ ಸೌಖ್ಯದ ಬೆಲೆಯನ್ನು ಮುಂದಿನ ಎರಡು ಕಟ್ಟುತ್ತಿದ್ದವು.

ಇದು ಕೆಟ್ಟದ್ದೇ ಎಂದು ಕೇಳಿದರೆ, ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಲೋಡು ಹಾಕಿದ ಗಾಡಿಗೆ, ಅದೂ ಹಿಂದೆ ಪಟ್ಟಿ ಸ್ಪ್ರಿಂಗಿನ ಮೇಲೆ ಆರು ಚೀಲ ಅಡಿಕೆ ಹೇರಿಕೊಂಡು ಇಳಿಯುವ ಗಾಡಿಗೆ, ಹಿಂಭಾಗ ನಿಲ್ಲುವುದು ಮುಖ್ಯ. ಮುಂದು ತಳ್ಳಿದರೆ ಡ್ರೈವರಿಗೆ ಕೈಯಲ್ಲೇ ತಿಳಿಯುತ್ತದೆ, ಅವನು ಕಾಲು ಹಗುರ ಮಾಡುತ್ತಾನೆ, ಗಾಡಿ ದಾರಿಗೆ ಬರುತ್ತದೆ. ಹಿಂದು ಎಸೆದರೆ ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಆದರೆ ಗೌಡರಿಗೆ ಸಿಕ್ಕಿದ್ದು ಅವರು ಅಂದುಕೊಂಡದ್ದಲ್ಲ. ಗಾಡಿ ತಿರುವಿನಲ್ಲಿ ಹೆಚ್ಚು ವೇಗ ತಡೆಯುವಂತಾಗಲಿಲ್ಲ, ಮುಂದಿನ ಟೈರು ಹಳೆಯದೇ ಇದೆ, ಅದರ ಮಿತಿಯೇ ಈಗ ಗಾಡಿಯ ಮಿತಿ. ಅಳ್ಳಾಟ ಕಡಿಮೆಯಾದದ್ದರಿಂದ ಮಿತಿ ದೂರವಿದೆ ಎಂಬ ಧೈರ್ಯ ಮಾತ್ರ ಬಂತು.

ಇನ್ನೊಂದು ವಿವರವನ್ನು ಪಟ್ಟಣದ ಟೈರ್ ಅಂಗಡಿಯಲ್ಲಿ ಕಲಿತೆ. ಅಲ್ಲಿಯ ಸಾಹೇಬರು ಐವತ್ತು ವರ್ಷದಿಂದ ಟೈರು ಬಿಚ್ಚಿ ಹಾಕಿದವರು. ದಪ್ಪ ಟೈರು ನೆಲಕ್ಕೆ ಹೆಚ್ಚು ತಾಗುತ್ತದೆ ಎಂದು ಗಿರಾಕಿಗಳೆಲ್ಲ ನಂಬಿದ್ದಾರೆ, ನೀವೇನು ಹೇಳುತ್ತೀರಿ ಎಂದೆ. ಅವರು ಮಾತಾಡಲಿಲ್ಲ. ಒಂದು ಗಾಡಿಯ ಹಿಂಭಾಗಕ್ಕೆ ಜಾಕ್ ಕೊಟ್ಟು, ಟೈರಿನ ಅಡಿಗೆ ಹಳೆ ಎಂಜಿನ್ ಆಯಿಲ್ ಸವರಿ, ರಟ್ಟು ಇಟ್ಟು ಇಳಿಸಿದರು. ಮತ್ತೆ ಎತ್ತಿ ರಟ್ಟು ತೆಗೆದರು. ಆಮೇಲೆ ಅದೇ ಗಾಡಿಗೆ ದಪ್ಪ ಟೈರು ಹಾಕಿ, ಅಷ್ಟೇ ಗಾಳಿ ತುಂಬಿ, ಇನ್ನೊಂದು ರಟ್ಟು. ಎರಡೂ ಕಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಟ್ಟು ಜಾಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ಉದ್ದ, ಕಿರಿದು. ಇನ್ನೊಂದು ಗಿಡ್ಡ, ಅಗಲ. ಯಾಕೆಂದರೆ ಭಾರವನ್ನು ಹೊರುವುದು ಹೆಚ್ಚಾಗಿ ಒಳಗಿನ ಗಾಳಿ. 400 ಕಿಲೋ ಹೊತ್ತ, 30 ಪೌಂಡ್ ಗಾಳಿಯ ಟೈರು ಸುಮಾರು 190 ಚದರ ಸೆಂಟಿಮೀಟರ್ ನೆಲ ಮುಟ್ಟಲೇಬೇಕು, ಅಗಲ ಎಷ್ಟೇ ಇರಲಿ. ಬದಲಾಗುವುದು ಆಕಾರ. ಆ ಗಿಡ್ಡ ಅಗಲದ ಆಕಾರವೇ ಪಕ್ಕದ ಬಲಕ್ಕೆ ಗಟ್ಟಿಯಾಗಿ ನಿಲ್ಲುವುದು.

“ಗೋಡೆ ಎತ್ತರ ಆದ್ರೆ ಅದೂ ಹೋಯ್ತು” ಎಂದರು ಸಾಹೇಬರು, ಟೈರಿನ ಪಕ್ಕಕ್ಕೆ ಮಂಡಿ ಕೊಟ್ಟು ಒತ್ತಿ ತೋರಿಸುತ್ತಾ. ನಿಜ. 215ರ ಗೋಡೆ 161 ಮಿಲಿಮೀಟರ್, 235ರದ್ದು 176. ಅಗಲ ಕೊಟ್ಟದ್ದರಲ್ಲಿ ಒಂದು ಪಾಲನ್ನು ಎತ್ತರ ವಾಪಸು ತೆಗೆದುಕೊಳ್ಳುತ್ತದೆ. ಅದಕ್ಕೇ ಓಟದ ಕಾರುಗಳು ಅಗಲ ಹೆಚ್ಚಿಸುವಾಗ ಗೋಡೆ ಕುಗ್ಗಿಸುತ್ತವೆ. ಹಳೆಯ ಕಿರಿದಾದ ರಿಮ್ಮಿಗೇ ಅಗಲದ ಟೈರು ಏರಿಸಿದರೆ ಗೋಡೆ ಹೊರಕ್ಕೆ ಉಬ್ಬಿ ಇನ್ನಷ್ಟು ಮೆತ್ತಗಾಗುತ್ತದೆ: ಸ್ಟೀರಿಂಗ್ ತಿರುಗಿಸಿದ ಮೇಲೆ ಹಿಂಭಾಗ ಒಂದು ಕ್ಷಣ ಯೋಚಿಸಿ ಆಮೇಲೆ ಬರುತ್ತದೆ. ಕುಲುಕಾಟ ಕಡಿಮೆಯಾಗಲಿ ಎಂದು ಗಾಳಿಯನ್ನೂ ಇಳಿಸಿದರೆ ದುಡ್ಡು ಕೊಟ್ಟು ಏನನ್ನೂ ಕೊಳ್ಳದ ಹಾಗಾಯಿತು.

ನೀರಿನ ಮಾತು ಬೇರೆ. ಅಮೆರಿಕದ ನಾಸಾದಲ್ಲಿ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಟೈರುಗಳನ್ನು ಪರೀಕ್ಷಿಸಿ 1963ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ನಿಂತ ನೀರಿನ ಮೇಲೆ ಟೈರು ತೇಲುವ ವೇಗ ಒಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 30 ಪೌಂಡಿಗೆ ಅದು ಗಂಟೆಗೆ ಸುಮಾರು 91 ಕಿಲೋಮೀಟರ್, 20 ಪೌಂಡಿಗೆ 75. ಗುರುತಿನ ಅಗಲ ಉದ್ದಗಳ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆಂದು ಆಮೇಲೆ ಕಂಡುಬಂತು. ಅಗಲದ ಗುರುತಿನ ನಡುವಿನ ನೀರಿಗೆ ಪಕ್ಕಕ್ಕೆ ಓಡಲು ದೂರ ಹೆಚ್ಚು. ಒಂದು ಸಮಾಧಾನವೆಂದರೆ ಹಿಂದಿನ ಟೈರು ಓಡುವುದು ಮುಂದಿನದು ಆಗಲೇ ಗುಡಿಸಿದ ಪಟ್ಟೆಯಲ್ಲಿ. ಆದರೆ ಅಗಲ ಹೆಚ್ಚಿದಷ್ಟು ಅದರ ಅಂಚು ಗುಡಿಸದ ನೀರಿಗೆ ಚಾಚುತ್ತದೆ. ಘಾಟಿಯ ಸುತ್ತುಗಳಲ್ಲಿ ಯಾರೂ 90ರಲ್ಲಿ ಹೋಗುವುದಿಲ್ಲವಾದ್ದರಿಂದ ಇದು ಹೆಚ್ಚಾಗಿ ಕೆಳಗಿನ ಬಯಲು ಹೆದ್ದಾರಿಯ ಚಿಂತೆ. ಇಲ್ಲಿ ಕಾಡುವುದು ರಾಡಿ. ಹಳೆಯ ವಿಲ್ಲಿಸ್ ಜೀಪುಗಳ 6.00-16 ಟೈರು ಈಗಿನ ಕಣ್ಣಿಗೆ ಸೈಕಲ್ ಟೈರಿನಷ್ಟು ಸಣಕಲು. ಆದರೆ ತೆಳು ರಾಡಿಯನ್ನು ಕತ್ತರಿಸಿ ಅಡಿಯ ಗಟ್ಟಿ ನೆಲ ಹುಡುಕುವುದರಲ್ಲಿ ಅದರ ಅಚ್ಚು ಇವತ್ತಿನ ದಪ್ಪ ಟೈರಿನದಕ್ಕಿಂತ ಆಳವಾಗಿ, ಚೊಕ್ಕವಾಗಿ ಬೀಳುತ್ತದೆ. ಗದ್ದೆಯ ಹೂಳಿನಲ್ಲಿ ಮಾತ್ರ ಅದು ಹೂತುಹೋಗುತ್ತದೆ, ದಪ್ಪದ್ದು ಮೇಲೆ ನಿಲ್ಲುತ್ತದೆ. ಯಾವ ಟೈರು ಒಳ್ಳೆಯದು ಎಂದು ಕೇಳುವವರಿಗೆ ಯಾವ ಕೆಸರು ಎಂದು ಕೇಳಬೇಕಾಗುತ್ತದೆ.

ಗೌಡರ ಗಾಡಿಗೆ ಉಲ್ಟಾ ಪ್ರಕರಣವನ್ನು ಶ್ರಾವಣದಲ್ಲಿ ಓದಿದೆ. ವಾಹನ ನೋಡಲಿಲ್ಲ, ಬರೆದಿಟ್ಟು ಹೋದದ್ದನ್ನು ನೋಡಿದೆ. ಇಳಿಜಾರಿನ ಬೀಸು ತಿರುವಿಗೆ ಸಣ್ಣ ಕಾರಿನ ನಾಲ್ಕು ಗೆರೆ ಬಂದಿವೆ. ಮುಂದಿನ ಟೈರಿನ ಅಚ್ಚು ಸ್ಪಷ್ಟ, ಹೊಸದು. ಹಿಂದಿನದಕ್ಕೆ ಅಚ್ಚೇ ಇಲ್ಲ, ಬರೀ ಬೋಳು ಪಟ್ಟೆ. ತಿರುವಿನ ನಡುವಿಗೆ ಬಂದಾಗ ಹಿಂದಿನ ಗೆರೆಗಳು ಮುಂದಿನವನ್ನು ದಾಟಿ ಹೊರಗೆ ಹೋದವು. ಒಂದು ಗೇಣು, ಒಂದು ಮೊಳ, ಆಮೇಲೆ ಒಂದು ಮಾರು. ಅಲ್ಲಿಂದ ನಾಲ್ಕೂ ಗೆರೆಗಳು ಒಂದನ್ನೊಂದು ಕೊಯ್ದುಕೊಂಡು ಸುತ್ತಿ, ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿದೆ. ಚರಂಡಿಯ ಕಲ್ಲಿಗೆ ತಾಗಿಲ್ಲ. ಒಂದು ಜೊತೆ ಚಪ್ಪಲಿಯ ಗುರುತು ಕೆಳಗಿಳಿದು, ಸುತ್ತ ನಡೆದು, ಮತ್ತೆ ಹತ್ತಿದೆ. ಆಮೇಲೆ ಬಹಳ ಸಣ್ಣ ಸಣ್ಣ ತಿರುಗಿಸುವಿಕೆಯಲ್ಲಿ ಕಾರು ಸರಿದಿಕ್ಕಿಗೆ ಬಂದು ಹೋಗಿದೆ.

ಟೈರು ಸವೆಯುವುದನ್ನು ಯಾರೂ ಅಳತೆ ಬದಲಾವಣೆ ಎನ್ನುವುದಿಲ್ಲ. ಆದರೆ 8 ಮಿಲಿಮೀಟರ್ ಆಳದ ಹೊಸ ಗೆರೆ 1.6ಕ್ಕೆ ಇಳಿದರೆ ವ್ಯಾಸ 13 ಮಿಲಿಮೀಟರ್ ಹೋಯಿತು, ಸಣ್ಣ ಕಾರಿನಲ್ಲಿ ಅದು ಶೇಕಡ ಎರಡರಷ್ಟು. ಅದಕ್ಕಿಂತ ದೊಡ್ಡ ನಷ್ಟ ನೀರು ಹೋಗುವ ಕಾಲುವೆಗಳದ್ದು. ಒಣ ರಸ್ತೆಯಲ್ಲಿ ಈ ಕಾರು ಸಲೀಸಾಗಿ ಓಡುತ್ತಿದ್ದಿರಬೇಕು. ರಾಡಿಯ ಮೇಲೆ ಮುಂದು ಹಿಡಿಯಿತು, ಹಿಂದು ಹಿಡಿಯಲಿಲ್ಲ. ಇಳಿಜಾರು ಬೇರೆ. 900 ಕಿಲೋ ಕಾರಿನ ಹಿಂದಿನ ಚಕ್ರಗಳ ಮೇಲೆ ಸಮತಟ್ಟಿನಲ್ಲಿ 340 ಕಿಲೋ ಇದೆ ಎಂದಿಟ್ಟುಕೊಂಡರೆ, ಹತ್ತಕ್ಕೊಂದರ ಇಳಿಜಾರು ಇಪ್ಪತ್ತು ಕಿಲೋವನ್ನು ಮುಂದಕ್ಕೆ ಕಳಿಸುತ್ತದೆ. ತಿರುವಿನ ನಡುವೆ ಗಾಬರಿಯಾಗಿ ಬ್ರೇಕು ಒತ್ತಿದರೆ ಇನ್ನು ಅರವತ್ತು ಹೋಗುತ್ತದೆ. ಮೊದಲೇ ಬೋಳಾದ ಟೈರಿನ ಮೇಲೆ ಉಳಿದದ್ದು 260.

ಹೊಸ ಟೈರು ಎರಡೇ ಕೊಂಡರೆ ಎಲ್ಲಿ ಹಾಕಬೇಕು ಎಂಬ ಬಗ್ಗೆ ಸಾಹೇಬರಿಗೂ ಗಿರಾಕಿಗಳಿಗೂ ದಿನಾ ವಾದ. ಎಳೆಯುವುದು ಮುಂದಿನದು, ತಿರುಗುವುದು ಮುಂದಿನದು, ಬೇಗ ಸವೆಯುವುದೂ ಮುಂದಿನದು, ಆದ್ದರಿಂದ ಹೊಸದು ಮುಂದಕ್ಕೆ ಎನ್ನುವುದು ಗಿರಾಕಿಯ ತರ್ಕ. “ಹಿಂದೆ ಹಾಕಿ ಅಂದ್ರೆ, ನೀವು ನಮ್ಮ ದುಡ್ಡು ಹಾಳ್ ಮಾಡ್ತೀರಿ ಸಾಹೇಬ್ರೇ ಅಂತಾರೆ” ಎಂದರು ಅವರು. ಟೈರು ತಯಾರಕರ ಸಲಹೆಯೂ ಸಾಹೇಬರದೇ: ಹೆಚ್ಚು ಗೆರೆ ಇರುವುದು ಹಿಂದಕ್ಕೆ.

ಹಿಂದಿನ ಟೈರನ್ನು ಬೇಕೆಂದೇ ದೊಡ್ಡದು ಮಾಡಿ ಹುಟ್ಟಿದ ಕಾರುಗಳ ವಂಶ ಬೇರೆ ದೇಶಗಳದ್ದು. ಅವುಗಳಲ್ಲಿ ಹಲವು ಎಂಜಿನ್ ಹಿಂದಿರುವ ಕಾರುಗಳು. ಭಾರ ಹಿಂದೆ ಕೂತಾಗ ಹಿಂದಿನ ಟೈರು ಹೆಚ್ಚು ಬಲಕ್ಕೆ ಉತ್ತರ ಕೊಡಬೇಕಾಗಿ ಅದರ ಜಾರುಕೋನ ಬೆಳೆಯುತ್ತದೆ. 1960ರ ಮಾದರಿಯಾಗಿ ಬಂದ ಷೆವ್ರೊಲೆ ಕೊರ್ವೇರ್ ನಾಲ್ಕಕ್ಕೂ ಒಂದೇ ಅಳತೆಯ ಟೈರು ಇಟ್ಟುಕೊಂಡು ಗಾಳಿಯಲ್ಲಿ ಲೆಕ್ಕ ಸರಿದೂಗಿಸಲು ನೋಡಿತು: ಮುಂದೆ 15 ಪೌಂಡ್, ಹಿಂದೆ 26. ಮುಂದಿನದನ್ನು ಬೇಕೆಂದೇ ಮೆತ್ತಗೆ ಮಾಡಿ ಅದರ ಕೋನವನ್ನು ಹೆಚ್ಚಿಸುವ ಉಪಾಯ. ಮುಂದಕ್ಕೂ ಹಿಂದಕ್ಕೂ ಒಂದೇ ಗಾಳಿ ತುಂಬಿದರೆ ಆ ಉಪಾಯ ಅಲ್ಲಿಗೇ ಮುಗಿಯಿತು. ಹಿಂದಿನ ಆಕ್ಸಲ್ಲಿನ ರಚನೆಯ ದೋಷವೂ ಸೇರಿ ಆ ಕಾರು 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕದ ಮೊದಲ ಅಧ್ಯಾಯವಾಯಿತು. ಪೋರ್ಷೆ 911 ತನ್ನ ಮೊದಲ ವರ್ಷಗಳಲ್ಲಿ ಇದೇ ಕಾಯಿಲೆಗೆ ಮುಂದಿನ ಬಂಪರಿನ ಎರಡು ತುದಿಯಲ್ಲಿ ಹನ್ನೊಂದು ಹನ್ನೊಂದು ಕಿಲೋ ಕಬ್ಬಿಣ ಅಡಗಿಸಿಟ್ಟಿತು. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಜರ್ಮನಿಯ ಎಂಜಿನಿಯರುಗಳು ಗಾಡಿ ಏಳದ ಹಾಗೆ ಮುಂದೆ ಕಲ್ಲು ಕಟ್ಟಿದ್ದರು. ಆಮೇಲೆ ಹಿಂದಿನ ಚಕ್ರವನ್ನೇ 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. 1973ರ ಮಾದರಿಯ ಕರೇರಾ ಆರ್‌ಎಸ್ 2.7ರಲ್ಲಿ ಮುಂದೆ 185/70, ಹಿಂದೆ 215/60 ಟೈರು ಬಂತು. ಅಗಲ ಹೆಚ್ಚು, ಗೋಡೆಯ ಶೇಕಡ ಕಡಿಮೆ: ಎರಡರ ಎತ್ತರವೂ 129 ಮಿಲಿಮೀಟರಿನ ಆಸುಪಾಸಿನಲ್ಲೇ ಉಳಿಯಿತು. ವ್ಯಾಸ ಕೆಡಿಸದೆ ಅಗಲ ಮಾತ್ರ ಹೆಚ್ಚಿಸಿದ್ದು ಹೀಗೆ. ಗೌಡರ ಬೊಲೆರೊದಲ್ಲಿ ಆಗದೆ ಹೋದದ್ದು ಇದೇ.

ಎಂಜಿನ್ ಮುಂದಿದ್ದು ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಹೋಂಡಾ ಎಸ್ 2000 ಕಥೆಯೂ ಅಷ್ಟೇ ಸ್ವಾರಸ್ಯದ್ದು. 1999ರ ಮೊದಲ ಕಾರುಗಳಿಗೆ ಮುಂದೆ 205, ಹಿಂದೆ 225 ಅಗಲ. ಬಹಳ ಚುರುಕು, ಮಿತಿಯಲ್ಲಿ ಹಿಂದು ಎಸೆಯುವುದರಲ್ಲಿ ಹೆಸರುವಾಸಿ. 2004ರ ಮಾದರಿಗೆ ಮುಂದೆ 215, ಹಿಂದೆ 245 ಮಾಡಿ, ಸಸ್ಪೆನ್ಷನ್ನನ್ನೂ ತಿದ್ದಿದರು. ಮುಂದಕ್ಕೆ ಹತ್ತು, ಹಿಂದಕ್ಕೆ ಇಪ್ಪತ್ತು. ಕಾರು ಸಾಧುವಾಯಿತು. ಹಳೆಯದನ್ನೇ ಮೆಚ್ಚುವವರು ಈಗಲೂ ಇದ್ದಾರೆ. ಸಾಧುತನ ಎಲ್ಲರಿಗೂ ಬೇಕಾದದ್ದಲ್ಲ.

ನಮ್ಮ ರಸ್ತೆಯಲ್ಲಿ ಹಿಂದೆ ದೊಡ್ಡ ಚಕ್ರದ ಪ್ರಾಣಿ ಎಂದರೆ ಟ್ರ್ಯಾಕ್ಟರ್: ಮುಂದೆ 6.00-16, ಹಿಂದೆ 13.6-28. ಅದರ ಲೆಕ್ಕ ತಿರುವಿನದ್ದಲ್ಲ, ನೇಗಿಲಿನದ್ದು. ಉಳುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಮುಂದಿನ ಸಣ್ಣ ಚಕ್ರಗಳು ನೆಲ ಮುಟ್ಟಿಯೂ ಮುಟ್ಟದ ಹಾಗಿರುತ್ತವೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮುಂದು ತಳ್ಳುತ್ತದೆ. ಅದಕ್ಕೇ ಟ್ರ್ಯಾಕ್ಟರಿಗೆ ಎಡಬಲಕ್ಕೆ ಬೇರೆ ಬೇರೆ ಬ್ರೇಕ್ ಪೆಡಲು. ಗದ್ದೆಯ ಅಂಚಿನಲ್ಲಿ ಒಳಬದಿಯ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸಿ, ಅದರ ಸುತ್ತ ಇಡೀ ಗಾಡಿಯನ್ನು ತಿರುಗಿಸುತ್ತಾರೆ. ಮುಂದಿನ ಚಕ್ರ ಸೋತಲ್ಲಿ ಹಿಂದಿನದರಿಂದಲೇ ಸ್ಟೀರಿಂಗ್ ಮಾಡುವ ಜಾಣತನ.

ಭಾದ್ರಪದಕ್ಕೆ ಮಳೆ ಸಣ್ಣದಾಯಿತು. ರಾಡಿ ಒಣಗಿ ಧೂಳಾಗುವ ಮೊದಲು ನೋಡಿದ ಕೊನೆಯ ವಿಚಿತ್ರ ಅಚ್ಚು ಗೌಡರ ತಮ್ಮನ ಜೀಪಿನದು. ಅಣ್ಣನ ಗಾಡಿ ನೋಡಿ ಅವರೂ ಹಿಂದೆ ಮಾತ್ರ 235 ಹಾಕಿಸಿದ್ದರು, ಮುಂದೆ 215 ಬಿಟ್ಟಿದ್ದರು. ಆ ಜೀಪು ಫೋರ್ ವೀಲ್. ತೋಟದ ಕೆಸರಿನಿಂದ ಮೇಲೆ ಬಂದವರು ಲಿವರ್ ತೆಗೆಯದೆ ಡಾಂಬರಿಗೆ ಹತ್ತಿದ್ದರು. ಆ ಲಿವರ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಚಿಕ್ಕ ಟೈರಿನ ಸುತ್ತಳತೆ 2.21 ಮೀಟರ್, ದೊಡ್ಡದರದ್ದು 2.30. ನೂರು ಮೀಟರ್ ಹೋಗುವಷ್ಟರಲ್ಲಿ ಒಂದು 45 ಸುತ್ತು ತಿರುಗಬೇಕು, ಇನ್ನೊಂದು 43. ನೇರ ರಸ್ತೆಯಲ್ಲೇ ಎರಡು ಸುತ್ತಿನ ಜಗಳ. ಕೆಸರಿನಲ್ಲಿ ಯಾವುದಾದರೂ ಒಂದು ಚಕ್ರ ಜಾರಿ ಸಾಲ ತೀರಿಸುತ್ತಿತ್ತು. ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟುಗಳು, ಗೇರುಗಳು ತಿರುಚಿಕೊಂಡು ಬಿಗಿದುಕೊಳ್ಳುತ್ತವೆ. ರಾಡಿಯ ಪಟ್ಟೆ ಸಿಕ್ಕಿದಲ್ಲೆಲ್ಲ ಮುಂದಿನ ಟೈರು ಒಂದು ಗೇಣು ಉಜ್ಜಿಕೊಂಡು ಹೋದ ಗುರುತು ನೇರ ದಾರಿಯಲ್ಲೂ ಬಿದ್ದಿತ್ತು.

ಮುಂದಿನ ತಿರುವಿನಲ್ಲಿ ಜೀಪು ನಿಂತಿತ್ತು. ಗೌಡರ ತಮ್ಮ ಲಿವರನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದರು, ಅದು ಬರುತ್ತಿರಲಿಲ್ಲ.

“ರಿವರ್ಸ್ ಹಾಕಿ ಸ್ವಲ್ಪ ಹಿಂದೆ ಹೋಗಿ ನೋಡಿ” ಎಂದೆ.

ನಾಲ್ಕು ಮಾರು ಹಿಂದೆ ಹೋದ ಮೇಲೆ ಅಡಿಯಿಂದ ಠಣ್ ಎಂದು ಒಂದು ಸದ್ದು ಬಂದು ಲಿವರ್ ಸಡಿಲವಾಯಿತು. ಅವರು ಇಳಿದು ನಾಲ್ಕೂ ಚಕ್ರ ಸುತ್ತಿ ನೋಡಿದರು. “ಮುಂದೆಗೂ ಅದನ್ನೇ ಹಾಕಿಸ್ಬೇಕಾ, ಇಲ್ಲ ಹಿಂದಿಂದು ತೆಗಿಸ್ಬೇಕಾ ಮೇಷ್ಟ್ರೇ?”

ಎರಡರಲ್ಲಿ ಯಾವುದಾದರೂ ಆಗುತ್ತದೆ, ಇವತ್ತೇ ಆಗಬೇಕು ಎಂದೆ. ತೆಗೆಸಿದರು. ತೆಗೆದ ಜೊತೆಯನ್ನು ಅಣ್ಣ ಕೊಂಡುಕೊಂಡು ತಮ್ಮ ಬೊಲೆರೊದ ಮುಂದಕ್ಕೆ ಹಾಕಿಸಿದರು. ಬೀಸು ತಿರುವಿನಲ್ಲಿ ಅದರ ಎರಡು ಗುರುತುಗಳು ಮತ್ತೆ ಹತ್ತಿರ ಬಂದಿವೆ, ಹೊರ ಅಂಚಿನ ಗೀರುಗಳು ಹೋಗಿವೆ. ಮೀಟರು ಮಾತ್ರ ಈಗಲೂ ಕಡಿಮೆಯೇ ತೋರಿಸುತ್ತಿದೆ.